ಇಂಟರ್ನ್‌ಶಿಪ್ ಮುಗೀತು, ಋಣದ ಪಟ್ಟಿ ಉಳೀತು

ಕಳೆದ ಶುಕ್ರವಾರ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಲಂಡನ್ನಿನ ಅಂಚಿನಲ್ಲಿರುವ ಒಂದು ಕ್ರೈಸ್ತ ಮಾನವ ಹಕ್ಕು ಸಂಸ್ಥೆ ಅದು. ಧರ್ಮದ ಕಾರಣಕ್ಕೆ, ಅಥವಾ ಯಾವ ಧರ್ಮವೂ ಬೇಡ ಅಂದ ಕಾರಣಕ್ಕೆ ಜೈಲು ಸೇರಿದವರ, ಊರು ಬಿಟ್ಟವರ ಪರವಾಗಿ ಕೆಲಸ ಮಾಡುತ್ತದೆ. ಹೆಸರು ಹಾಕುತ್ತಿಲ್ಲ. ಅವರಿಗೆ ಮಾಹಿತಿ ಕಳಿಸುವವರಲ್ಲಿ ಎಷ್ಟೋ ಮಂದಿ ಇವತ್ತಿಗೂ ತಮ್ಮ ದೇಶದೊಳಗೇ ಕದ್ದುಮುಚ್ಚಿ ಬದುಕುತ್ತಿದ್ದಾರೆ. ಹಾಗಿರುವಾಗ ಅಲ್ಲಿಂದ ಹೊರಬಂದವಳು ಹೆಸರು ಹಿಡಿದು ಬರೆಯುವುದು ಬೇಡ ಅಂತ ನನಗೇ ಅನ್ನಿಸಿತು. ಥ್ಯಾಂಕ್ಸ್ ಯಾರಿಗೆ ಸಲ್ಲಬೇಕೋ ಅವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ.

ಮೊದಲು ಅಪ್ಪನಿಗೆ. ನಮ್ಮದು ಧಾರವಾಡದ ಲಿಂಗಾಯತ ಮನೆ. ಕ್ರಿಶ್ಚಿಯನ್ ಸಂಸ್ಥೆ ಅಂದ ಕೂಡಲೇ ಮನೆಯ ವಾಟ್ಸಾಪ್ ಗುಂಪು ಕಾದ ಬಾಣಲೆಯಂತಾಯಿತು. ಚಿಗವ್ವ ವಾಯ್ಸ್ ಮೆಸೇಜ್ ಹಾಕಿದಳು: "ಅಲ್ಲವಾ, ಲಂಡನ್ನಿಗೆ ಹೋಗಿ ವಕೀಲಕಿ ಕಲಿ ಅಂದ್ರ ಪಾದ್ರಿಗೋಳ ಕೈಯಾಗ ಸಿಕ್ಕಿಯೇನ?" ಬಾಕಿ ಹಿರಿಯರು ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿದರು. ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದೇ ಸಲ ಬರೆದ: "ನಾ ಬಾಸೆಲ್ ಮಿಶನ್ ಸಾಲ್ಯಾಗ ಕಲ್ತಾಂವ. ಮುಂಜಾನೆ ಅಲ್ಲಿ ಪ್ರಾರ್ಥನಾಕ್ಕ ನಿಂದರತಿದ್ದೆ, ಸಂಜೀಕ ಮನ್ಯಾಗ ಲಿಂಗಪೂಜಿಗೆ ಕುಂದರತಿದ್ದೆ. ನನಗೇನೂ ಆಗಿಲ್ಲ. ಆಕಿ ಹೋಗ್ಲಿ." ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅವರು ಕಟ್ಟಿದ ಶಾಲೆಯೊಂದು ಇಷ್ಟು ವರ್ಷಗಳ ಮೇಲೆ ನನ್ನ ಇಂಟರ್ನ್‌ಶಿಪ್ಪಿಗೆ ಜಾಮೀನು ನಿಲ್ಲುತ್ತದೆ ಅಂತ ಯಾರು ಎಣಿಸಿದ್ದರು!

ಸಂದರ್ಶನದಲ್ಲಿ ನಾನು ಕ್ರೈಸ್ತಳಲ್ಲ ಅಂತ ನಾನೇ ಮೊದಲು ಹೇಳಿಬಿಟ್ಟೆ. ಎದುರಿಗಿದ್ದ ಮೇಡಂ (ಮುಂದೆ ಅವರ ಕೈಕೆಳಗೇ ಕೆಲಸ ಮಾಡಿದೆ) ಕೇಳಿದ್ದು ಒಂದೇ ಮಾತು: "ನಿಮಗೆ ಸ್ವಲ್ಪವೂ ಒಪ್ಪಿಗೆಯಾಗದ ನಂಬಿಕೆಯವನ ಪರವಾಗಿ ಬರೆಯಬಲ್ಲಿರಾ?" ಬರೆಯಬಲ್ಲೆ ಅಂದೆ. ಅದು ಎಷ್ಟು ದೊಡ್ಡ ಮಾತು ಅನ್ನುವುದು ಕೆಲಸ ಶುರುವಾದ ಮೇಲೆ ತಿಳಿಯಿತು.

ನನಗೆ ಕೊಟ್ಟದ್ದು ಎರಿಟ್ರಿಯಾ. ಆಫ್ರಿಕಾದ ಕೊಂಬಿನಲ್ಲಿರುವ, 1993ರಲ್ಲಿ ಸ್ವತಂತ್ರವಾದ ಸಣ್ಣ ದೇಶ. 2002ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಆರ್ಥಡಾಕ್ಸ್, ಕ್ಯಾಥೊಲಿಕ್, ಲೂಥರನ್ ಚರ್ಚುಗಳು ಮತ್ತು ಸುನ್ನಿ ಇಸ್ಲಾಂ, ಈ ನಾಲ್ಕನ್ನು ಬಿಟ್ಟು ಉಳಿದೆಲ್ಲ ಪಂಥಗಳ ಬಾಗಿಲು ಮುಚ್ಚಿಸಿತು. ಹಾಗಂತ ಅನುಮತಿ ಇದ್ದವರೂ ನಿರಾಳವಾಗಿಲ್ಲ. ಆರ್ಥಡಾಕ್ಸ್ ಚರ್ಚಿನ ಮುಖ್ಯಸ್ಥ ಅಬೂನೆ ಆಂಟೋನಿಯೋಸ್ ಸರ್ಕಾರದ ಹಸ್ತಕ್ಷೇಪವನ್ನು ಪ್ರಶ್ನಿಸಿ ಪದವಿ ಕಳೆದುಕೊಂಡರು, ವರ್ಷಗಟ್ಟಲೆ ಗೃಹಬಂಧನದಲ್ಲಿದ್ದು 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ರಾಜಧಾನಿ ಅಸ್ಮಾರಾ ಹತ್ತಿರದ ಮೈ ಸೆರ್ವಾದಲ್ಲಿ ಕೈದಿಗಳನ್ನು ಹಡಗಿನ ಸರಕು ತುಂಬುವ ಕಬ್ಬಿಣದ ಕಂಟೇನರುಗಳಲ್ಲಿ ಕೂಡಿಹಾಕುತ್ತಿದ್ದರು. ಹಗಲು ಸುಡುತ್ತದೆ, ರಾತ್ರಿ ಕೊರೆಯುತ್ತದೆ. ಭಕ್ತಿಗೀತೆ ಹಾಡುತ್ತಿದ್ದ ಹೆಲೆನ್ ಬೆರ್ಹಾನೆ ಅಂಥದ್ದೇ ಒಂದು ಪೆಟ್ಟಿಗೆಯಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಇದ್ದವರು.

ನನ್ನ ಕೆಲಸ ಮಾತ್ರ ಬಹಳ ಸಪ್ಪೆ: ಕೈದಿಗಳ ಪಟ್ಟಿಯನ್ನು ಸರಿಪಡಿಸುವುದು. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ವರ್ಷ ಬಂದ ಹೆಸರುಗಳು ಒಂದೇ ಎಕ್ಸೆಲ್ ಹಾಳೆಯಲ್ಲಿ ಗಿಜಿಗುಡುತ್ತಿದ್ದವು. ಎಲ್ಲವನ್ನೂ ಕೊನೆಯ ಹೆಸರಿನ ಪ್ರಕಾರ ಜೋಡಿಸಿಟ್ಟಿದ್ದರು. ಆದರೆ ಎರಿಟ್ರಿಯಾದವರಿಗೆ ಅಡ್ಡಹೆಸರೇ, ಅಂದರೆ ಮನೆತನದ ಹೆಸರೇ, ಇಲ್ಲ. ತನ್ನ ಹೆಸರು, ಅಪ್ಪನ ಹೆಸರು, ಬೇಕಾದರೆ ಅಜ್ಜನ ಹೆಸರು, ಅಷ್ಟೇ. ಒಬ್ಬರು ಅಪ್ಪನ ಹೆಸರಿನವರೆಗೆ ಬರೆದು ಕಳಿಸಿದ್ದರೆ, ಇನ್ನೊಬ್ಬರು ಅಜ್ಜನವರೆಗೆ ಬರೆದಿದ್ದರು. ಒಬ್ಬನೇ ಮನುಷ್ಯ ಎರಡು ಸಾಲುಗಳಲ್ಲಿ ಎರಡು ಸಲ ಜೈಲಿಗೆ ಹೋಗಿದ್ದ. ಇದು ನನಗೆ ಬೇಗ ಹೊಳೆಯಿತು ಅಂದರೆ ಅದರ ಶ್ರೇಯಸ್ಸು ನನ್ನ ರೂಮ್‌ಮೇಟಿಗೆ. ಅವಳು ಹಾಸನದವಳು. ನಮ್ಮ ಧಾರವಾಡದ ಕಡೆಯವರಿಗೆ ಇರುವಂತೆ ಅವಳಿಗೆ ಅಡ್ಡಹೆಸರಿಲ್ಲ. ಬ್ಯಾಂಕಿನವರಿಂದ ಹಿಡಿದು ಮನೆ ತೋರಿಸುವ ಏಜೆಂಟನವರೆಗೆ ಎಲ್ಲರೂ ಅವಳನ್ನು ಅಪ್ಪನ ಹೆಸರು ಹಿಡಿದು "ಮಿಸ್ ರಾಮೇಗೌಡ" ಅಂತ ಕರೆಯುತ್ತಿದ್ದರು. ಅವಳು ಪ್ರತಿ ಸಲ ಫೋನ್ ಇಟ್ಟ ಮೇಲೆ ಬೈದ ಬೈಗುಳ ಕೇಳಿಕೇಳಿಯೇ ನನಗೆ ಆ ಪಟ್ಟಿ ಅರ್ಥವಾದದ್ದು. ಥ್ಯಾಂಕ್ಸ್ ಕಣೇ. ಮಧ್ಯರಾತ್ರಿಯ ಅನ್ನ-ಸಾರಿಗೂ.

ಹೆಸರು ಸರಿ ಇರಬೇಕು ಅಂತ ಮೇಡಂ ಯಾಕೆ ಅಷ್ಟು ಹಟ ಹಿಡಿಯುತ್ತಿದ್ದರು ಅನ್ನುವುದು ಜಿನೀವಾದ ವರದಿ ತಯಾರಿಸುವಾಗ ಗೊತ್ತಾಯಿತು. ವಿಶ್ವಸಂಸ್ಥೆಯ ಎಲ್ಲ 193 ಸದಸ್ಯ ದೇಶಗಳ ಮಾನವ ಹಕ್ಕು ದಾಖಲೆಯನ್ನು ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಉಳಿದ ದೇಶಗಳು ಕೂತು ಪರಿಶೀಲಿಸುತ್ತವೆ. ಯುಪಿಆರ್ (ಯೂನಿವರ್ಸಲ್ ಪೀರಿಯಾಡಿಕ್ ರಿವ್ಯೂ) ಅನ್ನುತ್ತಾರೆ. ಅದಕ್ಕೆ ಸಂಸ್ಥೆಗಳೂ ವರದಿ ಕೊಡಬಹುದು, ಆದರೆ ಒಂದು ಸಂಸ್ಥೆಗೆ 2815 ಪದಗಳ ಮಿತಿ. ಎಲ್ಲರ ವರದಿಗಳನ್ನೂ ಹಿಂಡಿ ವಿಶ್ವಸಂಸ್ಥೆಯವರು ಹತ್ತು ಪುಟದ ಸಾರಾಂಶ ಮಾಡುತ್ತಾರೆ. ನಿಮ್ಮ ವರ್ಷಗಟ್ಟಲೆ ಕೆಲಸದಿಂದ ಅದರಲ್ಲಿ ಒಂದು ವಾಕ್ಯ ಬಂದರೂ ಪುಣ್ಯ. ಹೆಸರು, ತಾರೀಖು ತಪ್ಪಿದ್ದರೆ ಆಯಾ ಸರ್ಕಾರ ಅದೊಂದನ್ನೇ ಎತ್ತಿ ತೋರಿಸಿ ಇಡೀ ವರದಿಯನ್ನೇ ಸುಳ್ಳು ಅನ್ನುತ್ತದೆ. ಅಭ್ಯಾಸಕ್ಕೆಂದು ನನ್ನಿಂದ ಒಂದು ಕರಡು ಬರೆಸಿದರು. "ಭೀಕರ", "ಅಮಾನುಷ" ಅಂತ ಧಾರಾಳವಾಗಿ ಬರೆದಿದ್ದೆ. ಮೇಡಂ ಪೆನ್ಸಿಲ್ಲಿನಿಂದ ಒಂದೊಂದನ್ನೇ ಹೊಡೆದು ಹಾಕಿದರು. ಕಂಟೇನರಿನ ಉದ್ದ-ಅಗಲ ಎಷ್ಟು, ಒಳಗೆ ಎಷ್ಟು ಜನ, ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತಾರೆ, ಇದನ್ನು ಯಾರು ಹೇಳಿದರು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ? ಅಂಚಿನಲ್ಲಿ ಬರೀ ಪ್ರಶ್ನೆಗಳು. ಎಲ್‌ಎಲ್‌ಬಿಯಲ್ಲಿ ಸಾಕ್ಷ್ಯ ಕಾಯಿದೆ ಓದಿ ಪಾಸಾಗಿದ್ದೆ. ಕಲಿತದ್ದು ಈ ಪೆನ್ಸಿಲ್ಲಿನ ಕೈಕೆಳಗೆ.

ಮೇಡಂಗೆ ಇನ್ನೊಂದು ಕಾರಣಕ್ಕೂ ನಾನು ಋಣಿ. ಚಳಿಗಾಲದಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಹಗಲೆಲ್ಲ ಕೈದಿಗಳ ಹೇಳಿಕೆ ಓದಿ ರೂಮಿಗೆ ಬಂದರೆ ನಿದ್ದೆ ಹತ್ತುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಅವ್ವನ ಜೊತೆ ಫೋನಿನಲ್ಲಿ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ. ನಾನಾಗಿ ಬಾಯಿ ಬಿಡುವ ಮೊದಲೇ ಮೇಡಂ ಗುರುತಿಸಿದರು. ಮಧ್ಯಾಹ್ನ ಮೂರರ ಮೇಲೆ ಸಾಕ್ಷಿ ಹೇಳಿಕೆ ತೆರೆಯಕೂಡದು ಅಂತ ನಿಯಮ ಹಾಕಿ, ಆ ಹೊತ್ತಿಗೆ ಅಡಿಟಿಪ್ಪಣಿ, ಅಂಚೆ ಲಕೋಟೆಗಳಂಥ ತಲೆ ಕೆಡದ ಕೆಲಸ ಕೊಟ್ಟರು. ಆಪ್ತಸಲಹೆಗಾರರೊಬ್ಬರ ಹತ್ತಿರ ಕಳಿಸಿದರು. "ಇಷ್ಟಕ್ಕೇ ಕುಗ್ಗಿದರೆ ಹೇಗೆ" ಅಂತ ಒಂದು ದಿನವೂ ಅನ್ನಲಿಲ್ಲ. ನಮ್ಮಲ್ಲಿ ಕಿರಿಯ ವಕೀಲರನ್ನು ದುಡಿಸಿಕೊಳ್ಳುವ ರೀತಿ ನೋಡಿದವಳಿಗೆ ಇದು ಸಣ್ಣ ವಿಷಯವಲ್ಲ.

ಇನ್ನು "ಒಪ್ಪಿಗೆಯಾಗದ ನಂಬಿಕೆಯವನ" ವಿಚಾರ. ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು ಸೈನ್ಯ ಸೇರುವುದಿಲ್ಲ, ಮತ ಹಾಕುವುದಿಲ್ಲ. ಎರಿಟ್ರಿಯಾ 1994ರಲ್ಲಿ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಹಿಡಿದ ಮೂವರು ಗಂಡಸರನ್ನು ವಿಚಾರಣೆಯೇ ಇಲ್ಲದೆ 26 ವರ್ಷ ಇಟ್ಟುಕೊಂಡು 2020ರ ಡಿಸೆಂಬರಿನಲ್ಲಿ ಬಿಟ್ಟರು. ಎಷ್ಟೋ ಚರ್ಚುಗಳು ಈ ಪಂಥವನ್ನು ಕ್ರೈಸ್ತ ಅಂತಲೇ ಒಪ್ಪುವುದಿಲ್ಲ. ಆದರೂ ನಮ್ಮ ಕಚೇರಿಯಲ್ಲಿ ಅವರ ಕಡತ ಉಳಿದವರ ಕಡತದಷ್ಟೇ ದಪ್ಪವಿತ್ತು. ಒಂದು ತರಬೇತಿಯಲ್ಲಿ ಪಾಠ ಮಾಡಲು ಬಂದವರು ನಮ್ಮ ಸುಪ್ರೀಂ ಕೋರ್ಟಿನ ಬಿಜೋ ಇಮ್ಯಾನ್ಯುಯಲ್ ತೀರ್ಪನ್ನು ಎತ್ತಿದರು. ಕೇರಳದ ಶಾಲೆಯೊಂದರಲ್ಲಿ ಇದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತ್ತು. 1986ರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ಪರೀಕ್ಷೆಗೆ ಐದು ಮಾರ್ಕಿನ ಟಿಪ್ಪಣಿ ಅಂತ ಉರು ಹೊಡೆದಿದ್ದ ತೀರ್ಪನ್ನು ಆ ಕೋಣೆಯಲ್ಲಿ ನೈಜೀರಿಯಾದವರು, ಕ್ಯೂಬಾದವರು ಬರೆದುಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿ ನೋಡಿದವರಿಗೆಲ್ಲ ನಾನೇ ಬರೆದ ತೀರ್ಪೇನೋ ಅನ್ನುವ ಹಾಗೆ ತಲೆಯಾಡಿಸಿದೆ.

ಅಂಚೆ ನೋಡುವ ಕೆಲಸದಲ್ಲಿ ಒಂದು ಪತ್ರ ಬಂದಿತ್ತು, ಹಳೆಯ ದೇಣಿಗೆದಾರರದ್ದು. ನೈಜೀರಿಯಾದ ಮುಬಾರಕ್ ಬಾಲಾ ಅನ್ನುವ ನಾಸ್ತಿಕನಿಗೆ ಫೇಸ್‌ಬುಕ್ ಬರಹಗಳ ಕಾರಣಕ್ಕೆ 2022ರಲ್ಲಿ 24 ವರ್ಷ ಶಿಕ್ಷೆಯಾಗಿತ್ತು (ಮೇಲ್ಮನವಿಯಲ್ಲಿ ಐದಕ್ಕೆ ಇಳಿದು, 2025ರ ಜನವರಿಯಲ್ಲಿ ಬಿಡುಗಡೆಯಾಯಿತು). ಹಾಡಿನಲ್ಲಿ ಧರ್ಮನಿಂದೆ ಮಾಡಿದ ಅಂತ ಅದೇ ದೇಶದ ಕಾನೋದ ಷರಿಯಾ ನ್ಯಾಯಾಲಯ 2020ರಲ್ಲಿ ಸೂಫಿ ಗಾಯಕ ಯಹಾಯಾ ಷರೀಫ್-ಅಮಿನುಗೆ ಮರಣದಂಡನೆ ಕೊಟ್ಟಿತ್ತು. ಸಂಸ್ಥೆ ಇವರಿಬ್ಬರ ಪರವಾಗಿಯೂ ದನಿ ಎತ್ತಿದ್ದಕ್ಕೆ ಆಕ್ಷೇಪ. "ನಮ್ಮ ಹುಡುಗಿ ಲೇಯಾ ಶರಿಬು ಇನ್ನೂ ಬಂದಿಲ್ಲ, ಇವರ ಉಸಾಬರಿ ನಿಮಗೇಕೆ?" ಅಂತ ಪತ್ರದ ಧಾಟಿ. ಲೇಯಾ 2018ರ ಫೆಬ್ರವರಿಯಲ್ಲಿ ದಾಪ್ಚಿಯ ಶಾಲೆಯಿಂದ ಉಗ್ರರು ಹೊತ್ತೊಯ್ದ 110 ಹುಡುಗಿಯರಲ್ಲಿ ಒಬ್ಬಳು. ಉಳಿದವರಲ್ಲಿ ಬಹುತೇಕ ಎಲ್ಲರನ್ನೂ ಬಿಟ್ಟಾಗಲೂ ಕ್ರೈಸ್ತ ನಂಬಿಕೆ ಬಿಡೆನೆಂದ ಅವಳನ್ನು ಬಿಡಲಿಲ್ಲ. ಪತ್ರ ಬರೆದವರ ಸಂಕಟ ಸುಳ್ಳಲ್ಲ. ಮೇಡಂ ಕೈಯಲ್ಲೇ ಉತ್ತರ ಬರೆದರು: ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿಯಲ್ಲಿ ನಂಬಿಕೆ ಬದಲಿಸುವ ಹಕ್ಕೂ ಇದೆ, ಲೇಯಾಳನ್ನು ಬಿಡಿ ಅಂತ ಕೇಳಲು ನಮ್ಮ ಕೈಯಲ್ಲಿರುವುದು ಅದೇ ವಿಧಿ, ಅದನ್ನು ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ತಪ್ಪಿಸಲಾಗದು. ದೇಣಿಗೆ ನಿಂತರೂ ನಿಲ್ಲಲಿ ಅನ್ನುವ ಧೈರ್ಯ ಅದು. ಈ ಸಂಸ್ಥೆಯನ್ನು ನಾನು ಮನಸಾರೆ ಗೌರವಿಸಿದ್ದು ಆ ಲಕೋಟೆಗೆ ಅಂಟು ಹಚ್ಚುವಾಗ.

ಇದೇ ಕಾರಣಕ್ಕೆ, "ವಿದೇಶಿ ಸಂಸ್ಥೆಗಳು ನಮ್ಮ ದೇಶದ ಹೆಸರು ಕೆಡಿಸುತ್ತವೆ" ಅಂತ ಬರೆದ ಗೆಳೆಯರಿಗೂ ಸಿಟ್ಟಿಲ್ಲದೆ ಉತ್ತರಿಸಬಲ್ಲೆ. ಭಾರತದ ಪರಿಶೀಲನೆಯೂ ಜಿನೀವಾದಲ್ಲಿ ನಾಲ್ಕು ಸಲ ನಡೆದಿದೆ, ಕೊನೆಯದು 2022ರಲ್ಲಿ. ಬೇರೆ ದೇಶಗಳನ್ನು ಪ್ರಶ್ನಿಸುವ ಸಾಲಿನಲ್ಲಿ ಭಾರತವೂ ಕೂರುತ್ತದೆ. ಪರಸ್ಪರ ಕೇಳುವ ವ್ಯವಸ್ಥೆ ಅದು. ಅಂದಹಾಗೆ ಭಾರತದ ಕಡತವನ್ನು ನನ್ನ ಹತ್ತಿರ ಬರಗೊಡಲೇ ಇಲ್ಲ. ನಾನು ಊರಿಗೆ ಮರಳಿ ವಕೀಲಿಕೆ ಮಾಡುವವಳು ಅಂತ ಅವರೇ ಯೋಚಿಸಿದ್ದರು. ಅದಕ್ಕೂ ಒಂದು ಥ್ಯಾಂಕ್ಸ್.

ಸಂಬಳವಿಲ್ಲದ ಇಂಟರ್ನ್‌ಶಿಪ್, ಓಡಾಟದ ಖರ್ಚು ಮತ್ತು ಮಧ್ಯಾಹ್ನದ ಊಟ ಮಾತ್ರ. ಲಂಡನ್ನಿನಲ್ಲಿ ಅದರಿಂದ ಬದುಕುವುದು ಅಂದರೆ ತಮಾಷೆಯಲ್ಲ. ಮನೆಯಲ್ಲಿ ಬಲ ಇಲ್ಲದವರು ಇಂಥ ಕೆಲಸಕ್ಕೆ ಬರುವುದೇ ಕಷ್ಟ, ಅದನ್ನು ಹೊರಡುವ ದಿನ ಮೇಡಂಗೂ ಹೇಳಿ ಬಂದೆ. ನನ್ನನ್ನು ಸಾಕಿದ್ದು ನ್ಯೂ ಮಾಲ್ಡನ್ನಿನ ಕೊರಿಯನ್ ದಿನಸಿ ಅಂಗಡಿ. ಆ ಬಡಾವಣೆಯ ತುಂಬ ಕೊರಿಯನ್ನರು, ಅವರಲ್ಲಿ ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ನೂರಾರು ಮಂದಿಯೂ ಇದ್ದಾರೆ. ಶನಿವಾರ, ಭಾನುವಾರ ನನ್ನ ಜೊತೆ ಕ್ಯಾಷ್ ಕೌಂಟರಿನಲ್ಲಿ ನಿಲ್ಲುತ್ತಿದ್ದ ಹಿರಿಯ ಹೆಂಗಸು ಅಂಥವರೊಬ್ಬರು. ಊರಿನ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ನಾನು ಗಾಜು ಒರೆಸುತ್ತಿದ್ದಾಗ, ಅಲ್ಲಿ ಮನೆಮನೆಯಲ್ಲೂ ನಾಯಕರ ಭಾವಚಿತ್ರ ಒರೆಸಲು ಬೇರೆಯೇ ಬಟ್ಟೆ ಇರುತ್ತದೆ, ಧೂಳು ಇದೆಯಾ ಅಂತ ನೋಡಲು ಜನ ಬರುತ್ತಾರೆ ಅಂದರು. ಅಷ್ಟು ಹೇಳಿ ನನ್ನ ಕೈಯಿಂದ ಬಟ್ಟೆ ಇಸಿದುಕೊಂಡು ಗಾಜನ್ನು ತಾವೇ ಇನ್ನೊಂದು ಸಲ ಒರೆಸಿದರು. ತಾರೀಖು ಮುಗಿಯಲು ಬಂದ ತೋಫು, ಕಿಮ್ಚಿ ಡಬ್ಬಿಗಳನ್ನು ನನ್ನ ಚೀಲಕ್ಕೆ ತುರುಕದೆ ಒಂದು ದಿನವೂ ಕಳಿಸಲಿಲ್ಲ. ಅಜುಮ್ಮಾ (ಕೊರಿಯನ್ ಭಾಷೆಯಲ್ಲಿ ಹಿರಿಯ ಹೆಂಗಸರನ್ನು ಹೀಗೆ ಕರೆಯುತ್ತಾರೆ), ನೀವು ಇದನ್ನು ಓದುವುದಿಲ್ಲ, ಆದರೂ ಬರೆಯದಿದ್ದರೆ ಸರಿಹೋಗದು.

ಇಸ್ಲಿಂಗ್ಟನ್ನಿನ ವೈಟ್ ಲಯನ್ ಬೀದಿಯಲ್ಲಿ, ಎರಿಟ್ರಿಯಾ ರಾಯಭಾರ ಕಚೇರಿಯ ಎದುರು ಫಲಕ ಹಿಡಿದು ನಿಂತಾಗ ಬೆಚ್ಚಗಿನ ಹಿಂಬಾಶಾ ರೊಟ್ಟಿ ಮುರಿದು ಕೊಟ್ಟ ತಾಯಂದಿರಿಗೆ. ಎರಿಟ್ರಿಯಾದವರು ಬರೆಯುವ ಗೀಜ್ ಅಕ್ಷರಗಳಿಗೂ ನಮ್ಮ ಕಾಗುಣಿತದಂಥದ್ದೇ ಇದೆ ಅಂತ ಚೀಟಿಯಲ್ಲಿ ಬರೆದು ತೋರಿಸಿ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ಕಲಿಸಿದ ದುಭಾಷಿಗೆ. ಸಂಸತ್ತಿನ ಸಭೆಗಳ ದಿನ ನದಿಯಾಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಮೂರ್ತಿಯ ಹತ್ತಿರ ಕೂತು ಡಬ್ಬಿ ಬಿಚ್ಚುವಾಗ ಜೊತೆಗಿದ್ದ ಸಹ-ಇಂಟರ್ನ್‌ಗಳಿಗೆ, ಅವರು ಯಾರಿವನು ಅಂತ ಕೇಳಿದ್ದಕ್ಕೆ, ನಾನು ರೈಲು ತಪ್ಪುವಷ್ಟು ಹೊತ್ತು ಹೇಳಿದ್ದನ್ನು ಸಹಿಸಿಕೊಂಡದ್ದಕ್ಕೆ, ಶರಣು.

ಬರುವ ತಿಂಗಳಿಂದ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರುತ್ತಿದ್ದೇನೆ. ನವನಗರದ ಲಾ ಯೂನಿವರ್ಸಿಟಿಯ ತಂಗಿ-ತಮ್ಮಂದಿರಲ್ಲಿ ಯಾರಿಗಾದರೂ ಇಂಥ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕುವ ಮನಸ್ಸಿದ್ದರೆ ಮೆಸೇಜ್ ಮಾಡಿ, ಕರಡು ನೋಡಿಕೊಡುತ್ತೇನೆ. ಪೆನ್ಸಿಲ್ ಹಿಡಿದೇ ಕೂರುತ್ತೇನೆ, ಆಮೇಲೆ ಬೇಜಾರಾಗಬೇಡಿ. ಚಿಗವ್ವಾ, ಪಾದ್ರಿಗೋಳು ನನ್ನ ಹಂಗೇ ವಾಪಸ್ ಕಳಿಸ್ಯಾರ, ಹೋಳಿಗಿ ಮಾಡಿಡು. ದೊಡ್ಡಪ್ಪಾ, ವಿಮಾನದ ಟಿಕೆಟ್ಟಿಗೆ ನೀವು ಕೊಟ್ಟ ರೊಕ್ಕ ಮರತಿಲ್ಲ. ಆದರ ಜೂನಿಯರ್ ವಕೀಲರಿಗೆ ಎಷ್ಟು ಸಿಗತೈತಿ ಅಂತ ನಿಮಗೂ ಗೊತ್ತೈತಿ, ಸ್ವಲ್ಪ ತಡಾ ಆಗತೈತಿ.