ಪಾಠದ ಫೈಲಿಗೂ ಊರೂರಲ್ಲಿ ಹೊಂಡ ಬೇಕು

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ಆನ್‌ಲೈನ್ ಪಾಠ ತೆರೆಯುತ್ತಿಲ್ಲ ಅಂದರೆ ಎಲ್ಲರೂ ಹೇಳುವುದು ಇಂಟರ್‌ನೆಟ್ ಸ್ಪೀಡ್ ಹೆಚ್ಚಿಸಿ ಎಂದೇ. ಚಿತ್ರದುರ್ಗ ಜಿಲ್ಲೆಯ ನಾಲ್ಕು ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಅನುಭವ ಬೇರೆ. ಮೊಳಕಾಲ್ಮುರಿನ ಲ್ಯಾಬಿನಲ್ಲಿ 30 ಮಕ್ಕಳು ಒಂದೇ ಪಾಠ ಒತ್ತಿದರೆ, 200 ಎಂಬಿಯ ಅದೇ ವಿಡಿಯೊ ಬೆಂಗಳೂರಿನ ಸರ್ವರಿನಿಂದ 30 ಸಲ ಬರಬೇಕಿತ್ತು. ಅಂದರೆ 6 ಜಿಬಿ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಪೀರಿಯಡ್ ಮುಗಿಯುತ್ತಿತ್ತು.

ನಮ್ಮ ಕೋಟೆ ಕಟ್ಟಿದವರು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಸಿಹಿನೀರು ಹೊಂಡ ಎಂದು ಬೇಕಾದಲ್ಲೇ ನೀರು ನಿಲ್ಲಿಸಿದರು. ಸಿಡಿಎನ್ (ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಅಂದರೆ ಫೈಲು ಹಂಚುವ ಜಾಲ) ಮಾಡುವುದೂ ಅದನ್ನೇ: ಒಮ್ಮೆ ಬಂದ ಫೈಲನ್ನು ಹತ್ತಿರದಲ್ಲೇ ಇಟ್ಟುಕೊಂಡು ಕೊಡುವುದು.

ಅದಕ್ಕಾಗಿ ನಮ್ಮ ಕಂಪ್ಯೂಟರಿಗೆ ಮೊದಲು ‘ವಾರ್ನಿಶ್’ ಹಾಕಿದೆವು. 2006ರಲ್ಲಿ ನಾರ್ವೆಯ ಪತ್ರಿಕೆಯೊಂದರ ಜಾಲತಾಣಕ್ಕಾಗಿಯೇ ಹುಟ್ಟಿದ ತಂತ್ರಾಂಶವದು, ಸುದ್ದಿಪುಟಗಳಿಗೆ ಬಲು ಚುರುಕು. ಆದರೆ ನಮ್ಮದು 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್ ಪೆಟ್ಟಿಗೆ; ರ‍್ಯಾಮ್‌ನಲ್ಲಿ ಕೂಡಿಟ್ಟದ್ದು ಒಮ್ಮೆ ಕರೆಂಟ್ ಹೋದರೆ ಖಾಲಿ. ಇಲ್ಲಿ ಕರೆಂಟ್ ದಿನಾ ಹೋಗುತ್ತದೆ. ಹಾಗಾಗಿ ಎಂಜಿನ್‌ಎಕ್ಸ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಬಂದೆವು. ಅದು ಹಾರ್ಡ್ ಡಿಸ್ಕಿನಲ್ಲಿ ಇಡುತ್ತದೆ, ಕರೆಂಟ್ ಬಂದಮೇಲೂ ಫೈಲು ಅಲ್ಲೇ ಇರುತ್ತದೆ. ಅದರ ‘ಕ್ಯಾಶ್ ಲಾಕ್’ ಎಂಬ ಸೆಟ್ಟಿಂಗ್ (ಕ್ಯಾಶ್ ಅಂದರೆ ಕೂಡಿಟ್ಟ ಪ್ರತಿ) ಹಾಕಿದರೆ 30 ಜನ ಕೇಳಿದರೂ ಬೆಂಗಳೂರಿಗೆ ಹೋಗುವುದು ಒಬ್ಬನ ಕೋರಿಕೆ, ಉಳಿದವರು ಕಾಯುತ್ತಾರೆ. ಕಾಯುವ ಮಿತಿ ಮಾತ್ರ ಮೊದಲೇ 5 ಸೆಕೆಂಡಿಗೆ ಇರುತ್ತದೆ, ದೊಡ್ಡ ವಿಡಿಯೊಗೆ ಸಾಲದು. ಅದನ್ನು ಹೆಚ್ಚಿಸದೆ ನಾವು ಎರಡು ದಿನ ಒದ್ದಾಡಿದೆವು. ವಾರ್ನಿಶ್, ಎಂಜಿನ್‌ಎಕ್ಸ್ ಎರಡೂ ಉಚಿತ ತಂತ್ರಾಂಶಗಳೇ.

ಒಂದು ತಪ್ಪನ್ನೂ ಹೇಳಲೇಬೇಕು. ಗಣಿತದ ಕೀ ಉತ್ತರ ತಿದ್ದಿ ಅದೇ ಹೆಸರಿನಲ್ಲಿ ಏರಿಸಿದೆವು. ಚಳ್ಳಕೆರೆಯ ಪೆಟ್ಟಿಗೆ ಹಳೆಯದನ್ನೇ ಕೊಡುತ್ತಿತ್ತು. ಹುಡುಗಿಯೊಬ್ಬಳು ತನ್ನ ಸರಿಯುತ್ತರ ಹೊಡೆದುಹಾಕಿ, ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ತಪ್ಪನ್ನು ಮುದ್ದಾಗಿ ಬರೆದಿದ್ದ ನೋಟ್‌ಬುಕ್ ನೋಡಿ ಬಹಳ ನೋವಾಯಿತು. ಈಗ ತಿದ್ದಿದ ಪ್ರತಿ ಫೈಲಿಗೂ ಹೊಸ ಸಂಖ್ಯೆಯ ಹೆಸರು ಕಡ್ಡಾಯ.

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲೂ ಇಂಥದೊಂದು ಪೆಟ್ಟಿಗೆ ಇಡಿಸಬಹುದು. ಹಳೆಯ ಪ್ರಶ್ನೆಪತ್ರಿಕೆ, ಪಠ್ಯಪುಸ್ತಕಗಳಿಂದ ಶುರು ಮಾಡಲಿ. ಜಿಲ್ಲಾ ಪಂಚಾಯಿತಿಯವರು ಒಂದು ಹೋಬಳಿ ಆರಿಸಿಕೊಟ್ಟರೆ ಭಾನುವಾರಗಳಲ್ಲಿ ಬಂದು ಅಳವಡಿಸಿಕೊಡಲು ನಾನು ಸಿದ್ಧ.

– ಶಾಲಾ ಕಂಪ್ಯೂಟರ್ ಸಿಬ್ಬಂದಿ, ಚಿತ್ರದುರ್ಗ