ರಿಮ್‌ಫೈರ್ ಎಂದು ಹೇಳಿ 100 ಗಜದ ಸ್ಕೋಪ್ ಕಳಿಸಿದ ಬಗ್ಗೆ ದೂರು

ಇಂದ:
ಉಪಕರಣ ವಿಭಾಗ,
ರೈಫಲ್ ಶೂಟಿಂಗ್ ತರಬೇತಿ ಕೇಂದ್ರ, ಬಳ್ಳಾರಿ

ಗೆ:
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಸ್ಕೋಪ್ ಮಾರಾಟ ಮಾಡಿದ ಆನ್‌ಲೈನ್ ಕಂಪನಿ

ವಿಷಯ: 0.22 ರಿಮ್‌ಫೈರ್ (ಕಾರ್ತೂಸಿನ ಅಂಚಿಗೆ ಬಡಿದು ಹೊತ್ತಿಸುವ) ರೈಫಲ್‌ಗೆಂದು ಮಾರಿದ ಮೂರು ಸ್ಕೋಪ್‌ಗಳು (ಗುರಿ ನೋಡುವ ದುರ್ಬೀನುಗಳು) ವಿವರಣೆಗೆ ಹೊಂದದಿರುವುದು. ಬದಲಿಸಿ ಕೊಡುವ ಬಗ್ಗೆ.

ಮಾನ್ಯರೇ,

ತಮ್ಮ ಮಾರಾಟ ಪುಟದಲ್ಲಿ “0.22 ರಿಮ್‌ಫೈರ್‌ಗೆ, 3-9×40, ಪ್ಯಾರಲಾಕ್ಸ್ 50 ಗಜ, 11 ಮಿ.ಮೀ. ರಿಂಗ್ ಸಹಿತ” ಎಂದು ಬರೆದದ್ದನ್ನು ನಂಬಿ ಮೂರು ಸ್ಕೋಪ್ ತರಿಸಿದೆವು. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ, 40 ಮಿ.ಮೀ. ಮುಂಗಾಜಿನ ಸ್ಕೋಪ್; ಪ್ಯಾರಲಾಕ್ಸ್ ದೂರ ಎಂದರೆ ಕಣ್ಣು ಸರಿದರೂ ಸ್ಕೋಪಿನೊಳಗಿನ ಅಡ್ಡಗೆರೆ ಗುರಿಯ ಮೇಲೆ ಜಾರದ ದೂರ; ರಿಂಗ್ ಎಂದರೆ ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಬಳೆ. ಬಂದವು ನೋಡಲು ಅದೇ ಅಳತೆಯವು, ಆದರೆ ಸೆಂಟರ್‌ಫೈರ್ (ಕಾರ್ತೂಸಿನ ನಡುವಿಗೆ ಬಡಿದು ಹೊತ್ತಿಸುವ) ರೈಫಲ್‌ಗಾಗಿ ಮಾಡಿದವು. ಡಬ್ಬಿಯೊಳಗಿನ ಚೀಟಿಯಲ್ಲೇ ಪ್ಯಾರಲಾಕ್ಸ್ 100 ಗಜ ಎಂದು ಅಚ್ಚಾಗಿದೆ. ಆ ದೂರವನ್ನು ಬದಲಿಸಿಕೊಳ್ಳಲು ಮುಂಗಾಜಿನ ಸುತ್ತ ತಿರುಗುವ ಬಳೆಯೂ ಇಲ್ಲ, ಪಕ್ಕದಲ್ಲಿ ತಿರುಪೂ ಇಲ್ಲ.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: “ರಿಮ್‌ಫೈರ್‌ಗೆ ಒದೆತ ಕಡಿಮೆ ಸಾರ್, ಯಾವ ಸ್ಕೋಪ್ ಹಾಕಿದರೂ ನಡೆಯುತ್ತೆ.” ಒದೆತ ಕಡಿಮೆ ಎಂಬುದು ನಿಜ. ಆದರೆ ರಿಮ್‌ಫೈರ್‌ಗೆ ಸ್ಕೋಪ್ ಆರಿಸುವಾಗ ಮೊದಲು ನೋಡಬೇಕಾದ್ದು ಎಷ್ಟು ದೂರದ ಗುರಿಗೆ ಹೊಡೆಯುತ್ತೇವೆ ಎಂಬುದನ್ನು. 0.22 ರೈಫಲ್ ಕೆಲಸ ಮಾಡುವುದು 25 ಮತ್ತು 50 ಮೀಟರ್‌ನಲ್ಲಿ, ಅಪರೂಪಕ್ಕೆ 100ರಲ್ಲಿ. 100 ಗಜಕ್ಕೆ, ಅಂದರೆ 91.4 ಮೀಟರ್‌ಗೆ ಕೂಡಿಸಿದ ಗಾಜಿನಲ್ಲಿ 50 ಮೀಟರ್‌ನ ಗುರಿಯ ಬಿಂಬ ಅಡ್ಡಗೆರೆ ಇರುವ ಜಾಗದಲ್ಲಿ ಬೀಳುವುದಿಲ್ಲ. ಕಣ್ಣು ತುಸು ಸರಿದರೆ ಸಾಕು, ಗೆರೆ ಗುರಿಯ ಮೇಲೆ ಜಾರುತ್ತದೆ.

ಎಷ್ಟು ಜಾರುತ್ತದೆ ಎಂಬುದಕ್ಕೆ ಲೆಕ್ಕವಿದೆ. ಮುಂಗಾಜಿನ ವ್ಯಾಸದ ಅರ್ಧವನ್ನು ಎರಡು ದೂರಗಳ ವ್ಯತ್ಯಾಸದಿಂದ ಗುಣಿಸಿ, ಪ್ಯಾರಲಾಕ್ಸ್ ದೂರದಿಂದ ಭಾಗಿಸಬೇಕು. ತಾವು ಕಳಿಸಿದ್ದಕ್ಕೆ 20 ಮಿ.ಮೀ. × 41.4 ÷ 91.4, ಅಂದರೆ ಹೆಚ್ಚೆಂದರೆ ಯಾವುದೇ ದಿಕ್ಕಿಗೆ 9 ಮಿ.ಮೀ. 25 ಮೀಟರ್‌ನಲ್ಲಿ ಅದು ಹದಿನಾಲ್ಕೂವರೆ ಮಿ.ಮೀ. ಪುಟದಲ್ಲಿ ಹೇಳಿದಂತೆ 50 ಗಜದ್ದೇ ಬಂದಿದ್ದರೆ 50 ಮೀಟರ್‌ನಲ್ಲಿ ತಪ್ಪು 2 ಮಿ.ಮೀ. ಕೂಡ ದಾಟುತ್ತಿರಲಿಲ್ಲ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ., ಆಮೇಲಿನ ಒಂದೊಂದು ವೃತ್ತವೂ 8 ಮಿ.ಮೀ. ಅಗಲ. 9 ಮಿ.ಮೀ. ಎಂದರೆ ಒಂದು ಇಡೀ ಅಂಕ ಕೈಬಿಟ್ಟ ಹಾಗೆ.

ಇದನ್ನು ತಾವೂ ಐದು ನಿಮಿಷದಲ್ಲಿ ನೋಡಬಹುದು. ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಕೂರಿಸಿ, 50 ಮೀಟರ್ ಆಚೆಯ ಗುರಿಗೆ 9ರ ಝೂಮ್‌ನಲ್ಲಿ ಅಡ್ಡಗೆರೆ ಹೊಂದಿಸಿ, ರೈಫಲ್ ಮುಟ್ಟದೆ ತಲೆಯನ್ನು ಮಾತ್ರ ಎಡಬಲ, ಮೇಲೆ ಕೆಳಗೆ ಆಡಿಸಿ. ಗೆರೆ ಹತ್ತರ ವೃತ್ತ ಬಿಟ್ಟು ಒಂಬತ್ತರ ವೃತ್ತದೊಳಕ್ಕೆ ಹೋಗಿ ಬರುವುದು ಕಣ್ಣಿಗೇ ಗೊತ್ತಾಗುತ್ತದೆ. ಮೂರೂ ಸ್ಕೋಪ್‌ಗಳಲ್ಲಿ ಹೀಗೇ ಆಗುತ್ತಿದೆ.

ಐ.ಎಸ್.ಎಸ್.ಎಫ್. (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವಿಲ್ಲ, ಅದು ನಮಗೆ ತಿಳಿದದ್ದೇ. ಇಲ್ಲಿ ಸ್ಕೋಪ್ ಬೇಕಾಗಿರುವುದು ಕಾರ್ತೂಸುಗಳ ಲಾಟ್ (ಒಮ್ಮೆಗೆ ತಯಾರಾದ ಕಂತು) ಪರೀಕ್ಷೆಗೆ. ಒಂದೇ ಕಂಪನಿಯ, 40 ಗ್ರೇನ್ ತೂಕದ ಗುಂಡಿನ ಕಾರ್ತೂಸಿನಲ್ಲೂ ಒಂದೇ ನಳಿಗೆಯಿಂದ ಒಂದು ಲಾಟಿನ ಗುಂಡುಗಳು ಗುರಿಯಲ್ಲಿ ಒತ್ತಾಗಿ ಬೀಳುತ್ತವೆ, ಇನ್ನೊಂದು ಲಾಟಿನವು ಚೆದರುತ್ತವೆ. ಲಾಟ್‌ಗೂ ಲಾಟ್‌ಗೂ ವ್ಯತ್ಯಾಸ ಕೆಲವೇ ಮಿಲಿಮೀಟರ್. ಸ್ಕೋಪೇ 9 ಮಿ.ಮೀ. ತಪ್ಪು ಕೊಟ್ಟರೆ ಯಾವ ಲಾಟ್ ಒಳ್ಳೆಯದು ಎಂದು ಹೇಳುವುದು ಹೇಗೆ? ರಾಯಚೂರು, ಕೊಪ್ಪಳದಿಂದ ಬಸ್ಸು ಹತ್ತಿ ಬರುವ ಮಕ್ಕಳು ಆ ಫಲಿತಾಂಶ ನೋಡಿಯೇ ಕಾರ್ತೂಸು ಕೊಳ್ಳುತ್ತಾರೆ. ಅವರ ದುಡ್ಡು ನೀರಲ್ಲಿ ಹೋಗಬಾರದು.

ರಿಂಗ್‌ಗಳದ್ದು ಬೇರೆ ತೊಂದರೆ. ನಮ್ಮ ರೈಫಲ್‌ಗಳ ಮೇಲಿರುವುದು 11 ಮಿ.ಮೀ. ಡವ್‌ಟೇಲ್ (ಓರೆ ಅಂಚಿನ) ಹಳಿ, ಬಂದ ರಿಂಗ್‌ಗಳು ಅದಕ್ಕಿಂತ ಅಗಲವಾದ 21 ಮಿ.ಮೀ. ವೀವರ್ ಮಾದರಿಯ ಹಳಿಗೆ ಕೂರುವಂಥವು. ಅಡಾಪ್ಟರ್ ಹಾಕಿಕೊಳ್ಳಿ ಎಂದು ತಮ್ಮವರು ಹೇಳಿದರು. ಅಡಾಪ್ಟರ್ ಹಾಕಿದರೆ ಸ್ಕೋಪ್ ಸುಮಾರು ಒಂದು ಸೆಂ.ಮೀ. ಮೇಲೇಳುತ್ತದೆ, ಕೆನ್ನೆ ಬಟ್ (ರೈಫಲ್ಲಿನ ಹಿಂಭಾಗ) ಮೇಲೆ ಕೂರುವುದಿಲ್ಲ, ತಲೆ ಗಾಳಿಯಲ್ಲಿ ತೇಲುತ್ತದೆ. ತಲೆ ತೇಲಿದರೆ ಕಣ್ಣು ಪ್ರತಿ ಗುಂಡಿಗೂ ಬೇರೆ ಜಾಗದಲ್ಲಿರುತ್ತದೆ, ಮೇಲೆ ಹೇಳಿದ ಪ್ಯಾರಲಾಕ್ಸ್ ತಪ್ಪು ಪೂರಾ ಹೊರಬೀಳುತ್ತದೆ. ಪರೀಕ್ಷೆಯನ್ನೆಲ್ಲ ನಮ್ಮಲ್ಲಿದ್ದ ಹಳೆಯ 11 ಮಿ.ಮೀ. ರಿಂಗ್‌ಗಳಲ್ಲೇ ಮಾಡಿದ್ದೇವೆ.

ಮೂರರಲ್ಲಿ ಒಂದರ ಟರೆಟ್ (ಅಡ್ಡಗೆರೆ ಸರಿಸುವ ತಿರುಪು) ಕೂಡ ಕೆಟ್ಟಿದೆ. ತಿರುಪಿನ ಒಂದು ಕ್ಲಿಕ್‌ಗೆ ಕಾಲು ಎಂ.ಓ.ಎ. (ಒಂದು ಎಂ.ಓ.ಎ. ಡಿಗ್ರಿಯ ಅರವತ್ತನೆಯ ಒಂದು ಭಾಗ) ಎಂದರೆ 50 ಮೀಟರ್‌ನಲ್ಲಿ 3.6 ಮಿ.ಮೀ.; 20 ಕ್ಲಿಕ್‌ಗೆ ಸುಮಾರು 73 ಮಿ.ಮೀ. ಆಗಬೇಕು. ಗುಂಡು ಹಾರಿಸಿದರೆ ಕಾರ್ತೂಸಿನ ಚೆದರಾಟ ನಡುವೆ ಬರುತ್ತದೆ ಎಂದು ರೈಫಲ್ಲನ್ನು ವೈಸ್‌ಗೆ ಕಟ್ಟಿ, 50 ಮೀಟರ್‌ನಲ್ಲಿ ಚೌಕಳಿ ಹಾಳೆ ಅಂಟಿಸಿ ನೋಡಿದೆವು. ಕಣ್ಣು ಸರಿಯದಿರಲೆಂದು ಹಿಂದಿನ ಗಾಜಿಗೆ 2 ಮಿ.ಮೀ. ತೂತಿನ ಮುಚ್ಚಳ ಹಾಕಿದ್ದೆವು. 20 ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ. ಎರಡು ಸ್ಕೋಪ್ ಸರಿಯಾಗಿ ಹೊರಟ ಜಾಗಕ್ಕೇ ಬಂದವು. ಮೂರನೆಯದು ಮೇಲಕ್ಕೆ 58 ಮಿ.ಮೀ. ಮಾತ್ರ ಹೋಗಿ, ಕೊನೆಗೆ 11 ಮಿ.ಮೀ. ಪಕ್ಕಕ್ಕೆ ನಿಂತಿತು. ಸ್ಕ್ರೂಡ್ರೈವರ್ ಹಿಡಿಯಿಂದ ಟರೆಟ್ ಮೇಲೆ ಮೆಲ್ಲಗೆ ತಟ್ಟಿದರೆ ಗೆರೆ ಟಕ್ಕನೆ ಜಿಗಿಯುತ್ತದೆ. ಒಳಗಿನ ಕೊಳವೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಸೋತಿರುವ ಲಕ್ಷಣವಿದು. ರಿಂಗ್ ಬಿಗಿದದ್ದು ಹೆಚ್ಚಾಯಿತು ಎನ್ನಲಾಗದು, ಟಾರ್ಕ್ ರೆಂಚ್‌ನಲ್ಲಿ 2 ನ್ಯೂಟನ್-ಮೀಟರ್ ದಾಟಿಲ್ಲ.

ಅಡ್ಡಗೆರೆಯ ಕೆಳಗಿನ ಗುರುತುಗಳೂ ವೇಗದ ಸೆಂಟರ್‌ಫೈರ್ ಗುಂಡಿನ ಲೆಕ್ಕಕ್ಕೆ ಕೊರೆದವು. ಸೆಕೆಂಡಿಗೆ ಸುಮಾರು 330 ಮೀಟರ್ ಹೋಗುವ 0.22 ಗುಂಡು 50 ಮೀಟರ್‌ಗೆ ಝೀರೋ ಮಾಡಿದರೆ (ಆ ದೂರದಲ್ಲಿ ಗುಂಡು ಗೆರೆ ತೋರಿಸಿದಲ್ಲೇ ಬೀಳುವಂತೆ ಹೊಂದಿಸಿದರೆ) 100 ಮೀಟರ್‌ನಲ್ಲಿ 17-20 ಸೆಂ.ಮೀ. ಕೆಳಗೆ ಬೀಳುತ್ತದೆ. ಆ ಗುರುತು ನಮಗೆ ಉಪಯೋಗಕ್ಕಿಲ್ಲ.

ತಮ್ಮವರು ಸೂಚಿಸಿದ ಉಳಿದೆರಡು ದಾರಿಗಳೂ ಸರಿಯಲ್ಲ. ಮುಂಗಾಜಿನ ಲಾಕ್ ಬಳೆ ಬಿಚ್ಚಿ ಗಾಜು ತಿರುಗಿಸಿದರೆ ಪ್ಯಾರಲಾಕ್ಸ್ ದೂರ ಬದಲಾಗುತ್ತದೆ ನಿಜ, ಆದರೆ ಒಳಗೆ ತುಂಬಿದ ನೈಟ್ರೋಜನ್ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ. ಅದಿರಿನ ಕೆಂಪು ಧೂಳು ಏಳುವ ನಮ್ಮ ಕಡೆ ಸೀಲ್ ಒಡೆದ ಸ್ಕೋಪ್ ಹೆಚ್ಚು ದಿನ ಬಾಳುವುದಿಲ್ಲ. ಇನ್ನು ಹೆಚ್ಚು ದುಡ್ಡು ಕೊಟ್ಟು 6-24×50 ಕೊಳ್ಳಿ ಎಂಬ ಮಾತು. 50 ಮಿ.ಮೀ. ಮುಂಗಾಜಿಗೆ ಎತ್ತರದ ರಿಂಗ್ ಬೇಕು, ಮತ್ತೆ ಕೆನ್ನೆಯ ತೊಂದರೆ. 24ರ ಝೂಮ್‌ನಲ್ಲಿ ಕಣ್ಣಿಗೆ ಬರುವ ಬೆಳಕಿನ ಚುಕ್ಕೆ 2 ಮಿ.ಮೀ. ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಬಿಸಿಲಿಗೆ ನೆಲದಿಂದ ಏಳುವ ಝಳ ಅಷ್ಟು ಝೂಮ್‌ನಲ್ಲಿ ಗುರಿಯನ್ನು ಕುದಿಯುವ ನೀರಿನಂತೆ ಕುಣಿಸುತ್ತದೆ.

ಸದ್ಯಕ್ಕೆ ಮುಂಗಾಜಿಗೆ 20 ಮಿ.ಮೀ. ತೂತಿನ ರಟ್ಟು ಹಾಕಿ ತಪ್ಪನ್ನು ಅರ್ಧಕ್ಕೆ ಇಳಿಸಿದ್ದೇವೆ. ಬೆಳಕು ಕಾಲು ಭಾಗಕ್ಕೆ ಇಳಿಯುವುದರಿಂದ ಝಳ ಏಳುವ ಮುಂಚಿನ ಬೆಳಗಿನ ಆರು ಗಂಟೆಯ ಹೊತ್ತಿಗೆ, ನಿಜವಾಗಿ ಬೇಕಾದಾಗಲೇ, ಅದು ಒದಗುತ್ತಿಲ್ಲ.

ಆದ್ದರಿಂದ ಮೂರೂ ಸ್ಕೋಪ್ ತಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಂಡು, ಪುಟದಲ್ಲಿ ಬರೆದ 50 ಗಜದ ಸ್ಕೋಪನ್ನೇ 11 ಮಿ.ಮೀ. ರಿಂಗ್ ಸಹಿತ ಕಳಿಸಿ. ಅದು ಇಲ್ಲವಾದರೆ ದೂರ ಹೊಂದಿಸಿಕೊಳ್ಳುವ 4-12×40 ಆಗಬಹುದು, ಕೊಳವೆ 25.4 ಮಿ.ಮೀ., ಸಾದಾ ಅಡ್ಡಗೆರೆ. ಬೆಲೆಯ ವ್ಯತ್ಯಾಸ ಮೊದಲು ತಿಳಿಸಿ. ಎರಡೂ ಆಗದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ. ಪುಟದ ತಪ್ಪು ವಿವರವನ್ನು ಇಂದೇ ತಿದ್ದಿ, ಇದೇ ಸ್ಕೋಪ್ ಕೊಂಡ ಬೇರೆ ಗ್ರಾಹಕರಿಗೂ ತಿಳಿಸಿ.

ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಈ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ.

ಬಿಲ್ಲು, ಡಬ್ಬಿಯಲ್ಲಿದ್ದ ಚೀಟಿ, ತಮ್ಮ ಪುಟದ ಚಿತ್ರ ಮತ್ತು ಚೌಕಳಿ ಹಾಳೆಯ ಅಳತೆಗಳನ್ನು ಲಗತ್ತಿಸಿದೆ. ಟರೆಟ್ ಕೆಟ್ಟ ಸ್ಕೋಪಿಗೆ ಕೆಂಪು ದಾರ ಕಟ್ಟಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಉಪಕರಣ ವಿಭಾಗದ ಪರವಾಗಿ
ಬಳ್ಳಾರಿ