ದ್ರೋಹಿಯೇ ಇಲ್ಲದ ಥ್ರಿಲ್ಲರ್ ಯಾಕೆ ಬರಬಾರದು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಭಯೋತ್ಪಾದಕರ ದಾಳಿ ಕುರಿತ ಹೊಸ ಥ್ರಿಲ್ಲರ್ ಕಾದಂಬರಿಯ ವಿಮರ್ಶೆ ಓದಿ, ಪುಸ್ತಕ ತರಿಸಿಕೊಂಡು ನಿದ್ದೆಗೆಟ್ಟು ಮುಗಿಸಿದೆ. ಓದಿಸಿಕೊಂಡು ಹೋಗುತ್ತದೆ, ಅನುಮಾನವಿಲ್ಲ. ಆದರೆ ನಿಮ್ಮ ವಿಮರ್ಶಕರು ಅದನ್ನು ನಮ್ಮ ಭದ್ರತಾ ವೈಫಲ್ಯಕ್ಕೆ ಹಿಡಿದ ಕನ್ನಡಿ ಎಂದಿದ್ದಾರಲ್ಲ, ಅದನ್ನು ಒಪ್ಪಲಾರೆ. ನಾನು ಪೊಲೀಸ್ ವೈರ್‌ಲೆಸ್ ಆಪರೇಟರ್ ಆಗಿದ್ದು ನಿವೃತ್ತನಾದವನು.

ಕಾದಂಬರಿಯಲ್ಲಿ ಮಂತ್ರಿಗಳ ಆಪ್ತ ಕಾರ್ಯದರ್ಶಿ ಗುಪ್ತಚರ ವರದಿಯನ್ನು ಮುಚ್ಚಿಡುತ್ತಾನೆ. ಇಂಥ ಪುಸ್ತಕಗಳಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಅವನು ಸಿಕ್ಕಿಬಿದ್ದರೆ ಓದುಗರಿಗೆ ನೆಮ್ಮದಿ. ಆದರೆ ವರದಿ ಹಾಳಾಗಲು ಅದನ್ನು ಮುಚ್ಚಿಡಬೇಕು ಅಂತೇನಿಲ್ಲ. ಎಲ್ಲರಿಗೂ ಕಳಿಸಿದರೂ ಆಯಿತು.

ಆಗಸ್ಟ್ 15, ಜನವರಿ 26 ಹತ್ತಿರ ಬಂದರೆ ನಮ್ಮ ವೈರ್‌ಲೆಸ್ ಸೆಟ್‌ಗೆ ಬಿಡುವೇ ಇರುತ್ತಿರಲಿಲ್ಲ. ‘ದಾಳಿ ನಡೆಯುವ ಸಂಭವವಿದ್ದು ಎಲ್ಲರೂ ಕಟ್ಟೆಚ್ಚರ ವಹಿಸುವುದು.’ ಯಾರು, ಎಲ್ಲಿ, ಯಾವ ದಾರಿಯಿಂದ, ಒಂದೂ ಇಲ್ಲ. ಬರೆದುಕೊಳ್ಳುತ್ತಿದ್ದೆವು, ಸಮಯ ಹಾಕುತ್ತಿದ್ದೆವು, ಠಾಣೆಗಳಿಗೆ ದಾಟಿಸುತ್ತಿದ್ದೆವು. ಆ ಕಡೆಯವರು ಹೆಸರು ಹೇಳಿ ಬರೆದುಕೊಂಡರೆ ನಮ್ಮ ಕೆಲಸ ಮುಗಿಯಿತು. ಮುಂದಿನ ವರ್ಷ ಅದೇ ಒಕ್ಕಣೆ, ತಾರೀಕು ಮಾತ್ರ ಬೇರೆ. ಹೀಗೆ ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ನಿಜವಾದ ಸುಳಿವು ಬಂದರೂ ಹಳೆಯದೇ ಅನ್ನಿಸುತ್ತದೆ. ಇದರಲ್ಲಿ ದ್ರೋಹಿ ಯಾರು, ಹೇಳಿ?

2008ರ ನವೆಂಬರ್ 26ರ ಮುಂಬೈ ದಾಳಿಯನ್ನೇ ನೋಡಿ. ಸಮುದ್ರದ ಮೂಲಕ ಬರಬಹುದು, ತಾಜ್ ಹೋಟೆಲ್ ಗುರಿಯಾಗಬಹುದು ಎಂಬ ಸುಳಿವುಗಳು ಮೊದಲೇ ಇದ್ದವು. ಹೋಟೆಲ್‌ನಲ್ಲಿ ಕೆಲಕಾಲ ಬಿಗಿ ಮಾಡಿದ ಭದ್ರತೆ ದಾಳಿಗೆ ಮುಂಚೆ ಸಡಿಲವಾಗಿತ್ತು. ಹತ್ತು ಜನ ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು ಬಂದರು. ದಾಳಿ ಶುರುವಾಗಿದ್ದು ರಾತ್ರಿ ಒಂಬತ್ತೂವರೆ ಸುಮಾರಿಗೆ. ಎನ್‌ಎಸ್‌ಜಿ, ಅಂದರೆ ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ಇದ್ದದ್ದು ದೆಹಲಿ ಪಕ್ಕದ ಮಾನೇಸರದಲ್ಲಿ, ಅವರನ್ನು ಒಯ್ಯಬೇಕಾದ ವಿಮಾನ ಇದ್ದದ್ದು ಚಂಡೀಗಢದಲ್ಲಿ. ಅವರು ಮುಂಬೈ ಮುಟ್ಟುವಾಗ ಬೆಳಗಿನ ಜಾವ. ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ಅವರ ನೆಲೆಗಳಾದದ್ದು ಆಮೇಲೆ. ಆ ದಾಳಿಯಲ್ಲಿ ಒಟ್ಟು 166 ಜೀವ ಹೋಯಿತು. ಇನ್ನು ನಮ್ಮ ಟಿವಿಗಳ ನೇರ ಪ್ರಸಾರ ನೋಡಿಕೊಂಡೇ ಗಡಿಯಾಚೆ ಕುಳಿತವರು ಫೋನಿನಲ್ಲಿ ದಾಳಿಕೋರರಿಗೆ ನಿರ್ದೇಶನ ಕೊಡುತ್ತಿದ್ದರು. ಯಾವ ಕಾದಂಬರಿಕಾರ ಹೀಗೆ ಬರೆದಿದ್ದರೂ ‘ಅತಿಯಾಯ್ತು’ ಅನ್ನುತ್ತಿದ್ದೆವು, ಅಲ್ವಾ?

ಅಮೆರಿಕದ ಕತೆಯೂ ಬೇರೆಯಲ್ಲ. 2001ರ ಸೆಪ್ಟೆಂಬರ್ 11ರ ವಿಮಾನ ಅಪಹರಣಕಾರರಲ್ಲಿ ಇಬ್ಬರ ವಿಷಯ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎಗೆ ಮೊದಲೇ ಗೊತ್ತಿತ್ತು. ದೇಶದೊಳಗಿನ ತನಿಖಾ ಸಂಸ್ಥೆ ಎಫ್‌ಬಿಐಗೆ ಅದು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ತನಿಖಾ ಆಯೋಗದ 2004ರ ವರದಿಯಲ್ಲಿ ಇದೆಲ್ಲ ವಿವರವಾಗಿದೆ.

ಕೆಲಸಕ್ಕೆ ಬಂದ ಸಂದೇಶ ಹೇಗಿರುತ್ತದೆ ಅನ್ನುವುದಕ್ಕೂ ಮುಂಬೈಯಲ್ಲೇ ಉದಾಹರಣೆ ಇದೆ. ಪೊಲೀಸ್ ಅಧಿಕಾರಿಗಳಾದ ಕರ್ಕರೆ, ಕಾಮ್ಟೆ, ಸಾಲಸ್ಕರ್ ಅವರನ್ನು ಕೊಂದ ಮೇಲೆ ದಾಳಿಕೋರ ಕಸಬ್ ಮತ್ತು ಅವನ ಜೊತೆಗಾರ ಪೊಲೀಸರ ಕ್ವಾಲಿಸ್ ಗಾಡಿಯಲ್ಲೇ ಹೊರಟರು. ಗಾಡಿಯ ಹಿಂಭಾಗದಲ್ಲಿ ಸಹೋದ್ಯೋಗಿಗಳ ದೇಹಗಳ ನಡುವೆ ಗುಂಡೇಟು ತಿಂದು ಬಿದ್ದಿದ್ದ ಕಾನ್‌ಸ್ಟೆಬಲ್ ಅರುಣ್ ಜಾಧವ್ ಉಸಿರು ಬಿಗಿಹಿಡಿದಿದ್ದರು. ದಾಳಿಕೋರರಿಬ್ಬರೂ ಕ್ವಾಲಿಸ್ ಬಿಟ್ಟು ಸ್ಕೋಡಾ ಕಾರು ಕಿತ್ತುಕೊಂಡ ಮೇಲೆ ಜಾಧವ್ ವೈರ್‌ಲೆಸ್ ಹಿಡಿದು ಕಂಟ್ರೋಲ್ ರೂಮ್‌ಗೆ ಹೇಳಿದರು. ಸ್ಕೋಡಾ ಬರುತ್ತಿದೆ ಎಂಬ ಸುದ್ದಿ ಮೊದಲೇ ತಲುಪಿದ್ದರಿಂದ ಗಿರಗಾಂವ್ ಚೌಪಾಟಿಯಲ್ಲಿ ನಾಕಾಬಂದಿ ಸಿದ್ಧವಿತ್ತು. ಅಲ್ಲೇ ಪೊಲೀಸ್ ಸಿಬ್ಬಂದಿ ತುಕಾರಾಂ ಓಂಬ್ಳೆ ಕಸಬ್‌ನ ಬಂದೂಕಿನ ನಳಿಕೆ ಹಿಡಿದು ಪ್ರಾಣ ಕೊಟ್ಟರು, ಕಸಬ್ ಜೀವಂತ ಸಿಕ್ಕ. ಕಾದಂಬರಿಯ ನಾಯಕನಿಗೆ ಉಪಗ್ರಹ, ಡ್ರೋನ್ ಏನೆಲ್ಲ ಇದೆ. ಓಂಬ್ಳೆ ಕೈಯಲ್ಲಿ ಇದ್ದದ್ದು ಲಾಠಿ.

ಹಾಗಾಗಿ ನಮ್ಮ ಲೇಖಕರಲ್ಲಿ ಒಂದು ಬೇಡಿಕೆ. ದ್ರೋಹಿಯನ್ನು ಬಿಟ್ಟು, ಒಂದು ಸುಳಿವಿನ ಹಿಂದೆಯೇ ಹೋಗಿ ಬರೆಯಿರಿ. ಅದು ಯಾವ ಮೇಜಿನ ಮೇಲೆ ಎಷ್ಟು ಹೊತ್ತು ಕೂತಿತು, ಯಾರು ಸಹಿ ಹಾಕಿ ಮುಂದೆ ತಳ್ಳಿದರು, ಯಾರು ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಓದುಗರಿಗೆ ಬೇಸರವಾಗುತ್ತದೆ ಅನ್ನುವ ಭಯ ಬೇಡ. ನನಗಂತೂ ಮೈ ಜುಮ್ಮೆನ್ನುತ್ತದೆ.

ಹಾಗೇ ಇನ್ನೊಂದು ಸಣ್ಣ ತಕರಾರು. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇಬ್ಬರು ಅಧಿಕಾರಿಗಳು ವಾಕಿಟಾಕಿಯಲ್ಲಿ ಒಬ್ಬರ ಮಾತು ಒಬ್ಬರು ತಡೆದು ಜಗಳವಾಡುತ್ತಾರೆ. ನಮ್ಮ ಸೆಟ್‌ನಲ್ಲಿ ಅದು ಸಾಧ್ಯವೇ ಇಲ್ಲ. ಗುಂಡಿ ಒತ್ತಿದವನು ಬಿಡುವ ತನಕ ಅವನಿಗೆ ಬೇರೆ ಯಾರ ಮಾತೂ ಕೇಳಿಸುವುದಿಲ್ಲ. ಮುಂದಿನ ಮುದ್ರಣದಲ್ಲಿ ತಿದ್ದಲಿ.

– ನಿವೃತ್ತ ಪೊಲೀಸ್ ವೈರ್‌ಲೆಸ್ ಆಪರೇಟರ್